ಹಳೇ ಕಂಪ್ಯೂಟರಿನಲ್ಲಿ ಉಳಿದ ರಾತ್ರಿಗಳು

ಮಾರ್ಚ್ ೪, ಮಂಗಳವಾರ, ಇನ್ನೂ ಬೆಳಕಾಗಿಲ್ಲ

ಎರಡು ಗಂಟೆ ಹದಿನೇಳು ನಿಮಿಷ. ಪೆಟ್ಟಿಗೆ ಕೂಗಿತು. ತಗಡಿನ ಮೇಲೆ ಮೊಳೆ ಎಳೆದಂಥ ಕೂಗು, ಒಂದೇ ಸಮ. ಕಣ್ಣು ಬಿಡುವ ಮೊದಲೇ ನನ್ನ ಕೈ ಮಗುವಿನ ಎದೆಯ ಮೇಲಿತ್ತು. ಎದೆ ಏಳುತ್ತಿದೆಯೋ, ನನ್ನ ಕೈಯೇ ನಡುಗುತ್ತಿದೆಯೋ ತಿಳಿಯಲಿಲ್ಲ. ದೀಪ ಹಾಕಿದೆ. ಮಗಳು ಬಟಾಣಿಯಂಥ ಕಣ್ಣು ಬಿಟ್ಟುಕೊಂಡು, ಏನಮ್ಮಾ ಇದು ಗಲಾಟೆ ಅನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು. ತುಟಿ ಕೆಂಪಗಿತ್ತು. ಉಗುರಿನ ಬಣ್ಣ ನೋಡಲು ಟಾರ್ಚ್ ಹಿಡಿದೆ. ಪಾಪ, ಅದಕ್ಕೆ ಅತ್ತಳು.

ಪೆಟ್ಟಿಗೆಗೆ ಕೂಗುವುದಷ್ಟೇ ಗೊತ್ತು. ಯಾಕೆ ಕೂಗಿತು ಅನ್ನುವುದು ಕಂಪ್ಯೂಟರಿಗೆ ಮಾತ್ರ ಗೊತ್ತು. ಎದೆಗೆ ಕಟ್ಟಿದ ಬೆಲ್ಟಿನಿಂದ ಪೆಟ್ಟಿಗೆಗೆ ಒಂದು ತಂತಿ, ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಇನ್ನೊಂದು. ಪರದೆಯ ಮೇಲೆ ಎರಡು ಗೆರೆ: ಮೇಲಿನದು ಉಸಿರು, ಕೆಳಗಿನದು ಎದೆಬಡಿತ. ಎರಡೂ ಒಟ್ಟಿಗೆ ಮಲಗಿದರೆ ಬೆಲ್ಟ್ ಜಾರಿದೆ ಎಂದರ್ಥ. ಮೇಲಿನದು ಮಾತ್ರ ಮಲಗಿ, ಕೆಳಗಿನದು ನಿಧಾನವಾಗುತ್ತಾ ಬಂದರೆ... ಅದನ್ನು ನಾನು ಬರೆಯುವುದಿಲ್ಲ.

ತಂತಿ ಚುಚ್ಚಿ ಕಂಪ್ಯೂಟರ್ ಶುರುಮಾಡಿದೆ. ನನ್ನ ಕಾಲೇಜಿನ ಕೊನೆಯ ವರ್ಷದ್ದು, ಎಂಟು ವರ್ಷ ಹಳೆಯದು. ಎದ್ದು ಕೂರಲು ಅದಕ್ಕೆ ಹನ್ನೊಂದು ನಿಮಿಷ ಬೇಕಾಯಿತು. ಗೆರೆ ನಿಧಾನಕ್ಕೆ ಬಂತು. ೨.೧೪... ೨.೧೫... ೨.೧೬... ಅಷ್ಟರಲ್ಲಿ ಪರದೆ ಕಪ್ಪಾಯಿತು.

ಇವರು ಲಿಫ್ಟ್ ರಿಪೇರಿಗೆ ಹೋಗಿದ್ದಾರೆ. ಯಾವುದೋ ಕಟ್ಟಡದಲ್ಲಿ ಯಾರೋ ಒಂಬತ್ತನೇ ಮಹಡಿಗೂ ಹತ್ತನೇ ಮಹಡಿಗೂ ನಡುವೆ ಸಿಕ್ಕಿಕೊಂಡಿದ್ದಾರಂತೆ. ಅವರನ್ನಾದರೂ ಬಿಡಿಸಲಿಕ್ಕೆ ಇವರು ಹೋಗಿದ್ದಾರಲ್ಲ.

ಅದೇ ದಿನ, ಸಂಜೆ

ಮಧ್ಯಾಹ್ನ ಮೂರನೇ ಸಲಕ್ಕೆ ಕಂಪ್ಯೂಟರ್ ಕಣ್ಣು ಬಿಟ್ಟಿತು. ಎರಡೂ ಗೆರೆ ಒಟ್ಟಿಗೆ ಮಲಗಿದ್ದವು. ಬೆಲ್ಟ್ ಜಾರಿದ್ದು. ಬೆಲ್ಟ್ ಜಾರಿದ್ದು! ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಪೆಟ್ಟಿಗೆಯನ್ನೂ ಮಗುವನ್ನೂ ಬಚ್ಚಲ ಬಾಗಿಲಲ್ಲೇ ಇಟ್ಟುಕೊಂಡಿದ್ದೆ.

ಡಾಕ್ಟರಮ್ಮ ಹೇಳಿದ್ದು ನೆನಪಿಗೆ ಬರೆದಿಡುತ್ತೇನೆ. ಈ ನೋಟುಬುಕ್ಕು ಕೊಟ್ಟವರೂ ಅವರೇ. "ತಲೆಯಲ್ಲಿ ಓಡೋದನ್ನೆಲ್ಲ ಇದರಲ್ಲಿ ಇಳಿಸಿಬಿಡಿ, ಯಾರಿಗೂ ತೋರಿಸಬೇಡಿ, ನನಗೂ ಬೇಡ" ಅಂದಿದ್ದರು. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ನಿದ್ದೆಯಲ್ಲಿ ಉಸಿರು ಮರೆಯುತ್ತಿತ್ತು. ಈಗ ಏಳು ತಿಂಗಳು. ಉಸಿರು ಒಮ್ಮೆಯೂ ನಿಲ್ಲದೆ ಸತತ ನಲವತ್ತೆರಡು ರಾತ್ರಿ ಕಳೆದರೆ ಬೆಲ್ಟ್ ಬಿಚ್ಚಬಹುದು. ನಡುವೆ ಪೆಟ್ಟಿಗೆ ಕೂಗಿದರೆ, ಸುಮ್ಮನೆ ಕೂಗಿದ್ದು ಅಂತ ಗೆರೆ ತೋರಿಸಬೇಕು. ತೋರಿಸಲಾಗದಿದ್ದರೆ ಎಣಿಕೆ ಮತ್ತೆ ಒಂದರಿಂದ.

ನಿನ್ನೆಯದು ಹದಿನೆಂಟನೇ ರಾತ್ರಿ. ಮಾರ್ಚ್ ೨೮, ಶುಕ್ರವಾರ ಹನ್ನೊಂದು ಗಂಟೆಗೆ ಅವರನ್ನು ಕಾಣಬೇಕು. ಅದು ತಪ್ಪಿದರೆ ಮುಂದಿನ ಸರದಿ ಮೇ ತಿಂಗಳಲ್ಲಿ.

ಪೆಟ್ಟಿಗೆಯ ಹೊಟ್ಟೆಯಲ್ಲಿ ಎಂಟು ರಾತ್ರಿ ಮಾತ್ರ ಹಿಡಿಯುತ್ತದೆ. ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸದಿದ್ದರೆ ಹಳೆಯ ರಾತ್ರಿ ಅಳಿಸಿಹೋಗುತ್ತದೆ. ಈ ಕಂಪ್ಯೂಟರ್ ಸಾಯುವ ಮೊದಲು ಇನ್ನೊಂದು ಕೊಳ್ಳಲೇಬೇಕು.

ಮಾರ್ಚ್ ೭, ಶುಕ್ರವಾರ

ಎರಡು ಬೀದಿ ಆಚೆ ಸ್ಕ್ರೂಮಾಮನ ಅಂಗಡಿಗೆ ಹೋಗಿದ್ದೆ. ಕಿವಿಯ ಸಂದಿಯಲ್ಲಿ ಯಾವಾಗಲೂ ಸ್ಕ್ರೂಡ್ರೈವರ್ ಇರುವುದರಿಂದ ಬಡಾವಣೆಗೆಲ್ಲ ಅವರು ಸ್ಕ್ರೂಮಾಮ. ಮಗುವನ್ನು ಎದೆಗೆ ಕಟ್ಟಿಕೊಂಡು, ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೋದೆ.

"ಏನಮ್ಮಾ, ಮೀಟರ್ ಓದೋಕೆ ಬಂದವರ ಥರ ಇದ್ದೀಯಲ್ಲ!"

ನನಗೆ ನಗು ಬರಲಿಲ್ಲ. ಬೇಕಾದ್ದು ಹೇಳಿದೆ. ಅವರು ಎರಡು ಕಂಪ್ಯೂಟರ್ ಅಕ್ಕಪಕ್ಕ ಇಟ್ಟರು. ಒಂದು ಹೊಸ ಪ್ರೊಸೆಸರಿನದು: ತೆಳ್ಳಗೆ, ತಣ್ಣಗೆ, ಸದ್ದೇ ಇಲ್ಲ. ಇನ್ನೊಂದು ಹಳೇ ಪ್ರೊಸೆಸರಿನದು, ಈ ನಮೂನೆಯಲ್ಲಿ ಕೊನೆಯದು. ಶುರುಮಾಡಿದ ತಕ್ಷಣ ಒಳಗೆ ಫ್ಯಾನು ಗೊರಕೆ ಹೊಡೆಯಿತು.

"ಕಂಪನಿಯವರು ಚಿಪ್ಪೇ ಬದಲಾಯಿಸಿಬಿಟ್ರು ನೋಡು. ಇಷ್ಟು ವರ್ಷ ಕಂಪ್ಯೂಟರೆಲ್ಲ ಒಂದು ಭಾಷೆ ಮಾತಾಡ್ತಿತ್ತು. ಹೊಸ ಚಿಪ್ಪಿಗೆ ಆ ಭಾಷೆ ಬರಲ್ಲ. ಅದಕ್ಕೆ ಒಳಗೊಬ್ಬ ದುಭಾಷಿನ ಕೂರಿಸಿದ್ದಾರೆ. ಕಾಗದ ಬರೆಯೋದು, ಫೋಟೋ ನೋಡೋದು, ಎಲ್ಲಾ ಸಲೀಸು. ಆದ್ರೆ ಹೀಗೆ ತಂತಿ ಚುಚ್ಚಿ ಯಾವುದೋ ಪೆಟ್ಟಿಗೆ ಹತ್ರ ಮಾತಾಡೋ ಪ್ರೋಗ್ರಾಮ್ ಬಂದ್ರೆ ದುಭಾಷಿ ತೊದಲ್ತಾನೆ."

"ಹಾಗಾದ್ರೆ ಹಳೇದೇ ಕೊಡಿ ಮಾಮ."

"ತಡಿ, ತಡಿ. ಹಳೇದು ತಗೊಂಡ್ರೆ ಮೂರು ವರ್ಷ. ಆಮೇಲೆ ಕಂಪನಿ ಅದರ ಕಡೆ ತಿರುಗಿಯೂ ನೋಡಲ್ಲ. ನಾಳೆ ಬಂದು ಮಾಮ ಟೋಪಿ ಹಾಕಿದ ಅನ್ನಬೇಡ."

ಫೋನ್ ನಂಬರ್ ಕೇಳಿದರೆ ಅಂಗಡಿಯ ನಂಬರು ಕೊಟ್ಟರು. ಮೊಬೈಲ್ ಇಟ್ಟುಕೊಂಡಿಲ್ಲವಂತೆ. "ದಿನವೆಲ್ಲಾ ಇವುಗಳ ಹತ್ರ ಬೈಸ್ಕೊಳ್ತೀನಿ, ಮನೆಗೂ ಒಂದನ್ನ ಕರ್ಕೊಂಡು ಹೋಗ್ಲಾ?"

ನಿರ್ಧಾರ ಮಾಡದೆ ವಾಪಸ್ಸು ಬಂದೆ. ದಾರಿಯಲ್ಲಿ ನಾಲ್ಕು ಸಲ ನಿಂತು ಮಗುವಿನ ಮೂಗಿನ ಕೆಳಗೆ ಬೆರಳಿಟ್ಟೆ.

ಮಾರ್ಚ್ ೯, ಭಾನುವಾರ

ಬೆಲ್ಟಿನ ಕಂಪನಿಗೆ ಬರೆದಿದ್ದೆ. ಉತ್ತರ ಬಂತು: "ನಮ್ಮ ತಂತ್ರಾಂಶವನ್ನು ಹೊಸ ಪ್ರೊಸೆಸರಿಗೆ ಹೊಂದಿಸುವ ಕಾರ್ಯ ಪ್ರಗತಿಯಲ್ಲಿದೆ."

ಇವರಿಗೆ ಓದಿ ಹೇಳಿದೆ. "ನಮ್ಮ ಮುಂದಿನ ರಸ್ತೆಗೂ ಇದೇ ಬೋರ್ಡು ನೇತುಹಾಕಿದ್ದಾರೆ ಕಣೇ. ನಾಲ್ಕು ವರ್ಷ ಆಯ್ತು."

"ನಗಬೇಡಿ ರೀ. ಹೊಸದು ತಗೊಂಡು ಅದು ಗೆರೆ ಓದದೆ ಹೋದ್ರೆ?"

"ಹಳೇದು ತಗೋ."

"ಮೂರು ವರ್ಷ ಆದ ಮೇಲೆ ಕೆಟ್ಟುಹೋದ್ರೆ?"

ಇವರು ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. ಎಣ್ಣೆ ಮಸಿಯ ಬಟ್ಟೆ ಕೈಯಲ್ಲೇ ಇತ್ತು. "ಮೂರು ವರ್ಷ ಆದ ಮೇಲೂ ಬೆಲ್ಟ್ ಕಟ್ಕೊಂಡೇ ಮಲಗ್ತಾಳಾ ಅವಳು?"

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಎದ್ದು ಹೋದೆ. ಮೂರು ವರ್ಷವೇನು, ಮೂವತ್ತು ವರ್ಷಕ್ಕೂ ಅಂತಲೇ ನಾನು ಲೆಕ್ಕ ಹಾಕುತ್ತಿದ್ದೆ. ಮುಗಿಯುತ್ತದೆ ಅಂತ ಬಾಯಿಬಿಟ್ಟು ಹೇಳಲು ಹೆದರಿಕೆ. ಹೇಳಿದ ಆ ರಾತ್ರಿಯೇ ಪೆಟ್ಟಿಗೆ ಕೂಗಿದರೆ?

ಮಾರ್ಚ್ ೧೨, ಬುಧವಾರ

ನಿದ್ದೆ ಇಲ್ಲ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿಗೆ ಮಗುವಿನ ಮುಲಾಮು ಹಚ್ಚಿಕೊಂಡೆ. ಇಪ್ಪತ್ತಾರು ರಾತ್ರಿ ಆಯಿತು.

ಮಾರ್ಚ್ ೧೫, ಶನಿವಾರ

ಅತ್ತೆ ಬಂದರು, ಹದಿನೈದು ದಿನಕ್ಕೆ ಅಂತ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವರು. ಬಾಗಿಲ ಬಳಿ ಚಪ್ಪಲಿ ಬಿಡುತ್ತಲೇ, "ಎಷ್ಟು ದಿನ ಆಯ್ತು ಹುಡುಗಿ ನೀನು ಮಲಗಿ? ಕಣ್ಣು ನೋಡು, ಒಲೆ ಮೇಲೆ ಮರೆತ ಪಾತ್ರೆ ಥರ ಆಗಿದೆ" ಅಂದರು.

ರಾತ್ರಿ ನನ್ನನ್ನು ಆಚೆ ಸರಿಸಿ ಮಗುವಿನ ಪಕ್ಕ ತಾವು ಕುರ್ಚಿ ಹಾಕಿಕೊಂಡರು. ಕೂತಲ್ಲೇ ಕಣ್ಣು ಮುಚ್ಚಿದರು. ನಿದ್ದೆ ಹೋಗಿದ್ದಾರೆಂದು ನಾನು ಮೆಲ್ಲಗೆ ಎದ್ದು ಬಂದರೆ, "ಮೂಗು ಕಟ್ಟಿದೆ ಅಷ್ಟೆ. ಹೋಗು" ಅಂದರು, ಕಣ್ಣು ತೆರೆಯದೆ.

"ಕಂಪ್ಯೂಟರ್ ನೋಡದೆ ಹೇಗೆ ಗೊತ್ತಾಯ್ತು ಅತ್ತೆ?"

"ಲೈನಲ್ಲಿ ಆ ಕಡೆ ಜೀವ ಇದೆಯಾ ಇಲ್ವಾ ಅಂತ ಮಾತಾಡೋಕೆ ಮೊದಲೇ ಗೊತ್ತಾಗ್ತಿತ್ತು ನಮಗೆ. ನೀನೂ ಕಿವಿಗೊಟ್ಟು ಕೇಳು, ಗೊತ್ತಾಗುತ್ತೆ. ಆದ್ರೆ ನೀನು ಕೇಳಲ್ಲ, ನೋಡ್ತೀಯ."

ಕಂಪ್ಯೂಟರ್ ವಿಚಾರ ಕೇಳಿದರೆ ಅವರದು ಫೋನಿನ ಕಥೆ. ಕರೆ ಜೋಡಿಸಲು ಹಗ್ಗದಂಥ ತಂತಿ ಚುಚ್ಚುವ ಬೋರ್ಡು ತೆಗೆದು ಗುಂಡಿ ಒತ್ತುವ ಬೋರ್ಡು ತಂದಾಗ, ಎರಡನ್ನೂ ಅಕ್ಕಪಕ್ಕ ಇಟ್ಟು ಆರು ತಿಂಗಳು ನಡೆಸಿದರಂತೆ. "ಹೊಸದು ಬಾಯಿಬಿಟ್ಟು ಮಾತಾಡೋವರೆಗೂ ಹಳೇದರ ತಂತಿ ಕೀಳಬಾರದು. ಒಂದೂರಲ್ಲಿ ಒಬ್ಬ ಅವಸರದ ಮೇಸ್ತ್ರಿ ಕಿತ್ತುಹಾಕಿದ. ಎರಡು ದಿನ ಊರಿಗೆ ಊರೇ ಮೂಗ!" ಅಂತ ನಕ್ಕರು. ನನಗೆ ಬೇಕಾದ್ದು ಪ್ರೊಸೆಸರ್ ಯಾವುದು ಅನ್ನುವುದು. ಹಗ್ಗದ ಕಥೆ ಕಟ್ಟಿಕೊಂಡು ಏನು ಮಾಡಲಿ?

ಮಾರ್ಚ್ ೧೮, ಮಂಗಳವಾರ

ಅತ್ತೆಯ ಜೊತೆ ಕತ್ತಲಲ್ಲಿ ಕೂತು ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತೆರಡು. ಅತ್ತೆ ಮೂವತ್ತಮೂರು ಅಂದರು. ಕಂಪ್ಯೂಟರಿನಲ್ಲಿ ನೋಡಿದರೆ ಮೂವತ್ತಮೂರು.

ಮಾರ್ಚ್ ೨೦, ಗುರುವಾರ

ನಿನ್ನೆವರೆಗಿನ ರಾತ್ರಿಗಳನ್ನು ಇಳಿಸಿದೆ. ಮೂವತ್ತನಾಲ್ಕು. ಇಳಿಸುತ್ತಿದ್ದಾಗ ಕಂಪ್ಯೂಟರ್ ಎರಡು ಸಲ ಕಪ್ಪಾಯಿತು. ಅಡಿಭಾಗ ಉಬ್ಬಿದೆ, ಮೇಜಿನ ಮೇಲೆ ಇಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತದೆ.

ಹೊಸ ಪ್ರೊಸೆಸರ್, ಹಳೇ ಪ್ರೊಸೆಸರ್. ಪಾತ್ರೆ ತೊಳೆಯುವಾಗಲೂ ಅದೇ. ಎಡಗೈ ತಟ್ಟೆ ಹೊಸದು, ಬಲಗೈ ತಟ್ಟೆ ಹಳೆಯದು.

ಸಂಜೆ ಅಂಗಡಿಗೆ ಫೋನ್ ಮಾಡಿದೆ. "ಆ ಹಳೇ ಪೀಸನ್ನ ಇವತ್ತು ಇಬ್ಬರು ಕೇಳಿಕೊಂಡು ಬಂದಿದ್ರಮ್ಮ. ಹೊಲಿಗೆ ಡಿಸೈನ್ ಮಾಡೋರು ಒಬ್ಬರು, ಅವರ ಮಷೀನೂ ಹೊಸ ಚಿಪ್ಪಿಗೆ ಬಗ್ಗಲ್ವಂತೆ. ನಿನ್ನ ಪೆಟ್ಟಿಗೆ ನೆನಪಾಗಿ ಇಲ್ಲ ಅಂದೆ. ಬುಧವಾರದವರೆಗೆ ಕಾಯ್ತೀನಿ."

ನಾನು ತೂಗಾಡುತ್ತಿರುವಾಗ ಯಾರಾದರೂ ಹೊತ್ತುಕೊಂಡು ಹೋಗಿದ್ದರೆ?

ಮಾರ್ಚ್ ೨೩, ಭಾನುವಾರ

ಒಂದು ಗಂಟೆ ಮಲಗಿದ್ದೆನಂತೆ, ಮಧ್ಯಾಹ್ನ, ಚಾಪೆಯ ಮೇಲೆ. ಇವರು ಹೇಳಿದರು. ಎದ್ದಾಗ ಪೆಟ್ಟಿಗೆ ಎಲ್ಲಿದೆ ಅಂತ ಹುಡುಕಿದೆ. ಒಳಗಿನ ಕೋಣೆಯಲ್ಲಿ ಅತ್ತೆಯ ಹತ್ತಿರ ಇತ್ತು. ಮಗಳೂ ಅಲ್ಲೇ ಇದ್ದಳು. ನನ್ನ ಮೇಲೆ ನನಗೇ ಕೋಪ ಬಂತು. ಎಂಥ ತಾಯಿ ನಾನು!

ಹಳೆಯದನ್ನೇ ಕೊಳ್ಳುವುದು ಅಂತ ಇವರಿಗೆ ಹೇಳಿಬಿಟ್ಟೆ. ಮೂರು ವರ್ಷ ಸಾಕು.

ಮಾರ್ಚ್ ೨೬, ಬುಧವಾರ

ಕೊಂಡು ತಂದೆ. ಹಳೇ ಪ್ರೊಸೆಸರಿನದು. ಸ್ಕ್ರೂಮಾಮ ಅಂಗಡಿಯಲ್ಲೇ ಬೆಲ್ಟಿನ ಪ್ರೋಗ್ರಾಮ್ ಹಾಕಿ, ಪೆಟ್ಟಿಗೆ ಚುಚ್ಚಿ ನೋಡಿದರು. "ನೋಡು, ಗುರುತು ಹಿಡೀತು! ಹಳೇ ಸ್ನೇಹಿತರು ಇವು." ಹಳೆಯ ಕಂಪ್ಯೂಟರಿನಲ್ಲಿದ್ದ ಮೂವತ್ತನಾಲ್ಕು ರಾತ್ರಿಗಳನ್ನು ನಾನೇ ಮನೆಯಲ್ಲಿ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಹೋಗಿದ್ದೆ.

ನಾನು ಜೊತೆಗೆ ಒಯ್ದಿದ್ದ ಕಾಲೇಜಿನ ಕಾಲದ ಕಂಪ್ಯೂಟರನ್ನು ತಿರುಗಿಸಿ ನೋಡಿದ ಕೂಡಲೇ ಅವರ ಮುಖದಲ್ಲಿ ತಮಾಷೆ ಹೋಯಿತು. "ಬ್ಯಾಟರಿ ಊದ್ಕೊಂಡಿದೆಯಲ್ಲಮ್ಮ! ಇದು ಹೊತ್ಕೊಂಡ್ರೆ ನೀರಿಗೂ ಆರಲ್ಲ. ಮಗು ಇರೋ ಮನೇಲಿ ಇದನ್ನ ಇಷ್ಟು ದಿನ ಇಟ್ಕೊಂಡಿದ್ಯಾ?"

ಎಲ್ಲಿ ಇಟ್ಟಿದ್ದೆ? ತೊಟ್ಟಿಲಿನ ಪಕ್ಕದಲ್ಲೇ. ಇಪ್ಪತ್ತು ದಿನ.

"ಇಲ್ಲೇ ಬಿಟ್ಟುಹೋಗ್ತೀನಿ ಮಾಮ. ಇವತ್ತೇ. ಈಗಲೇ."

"ಹಿತ್ತಲಲ್ಲಿ ಮರಳು ತುಂಬಿದ ಡಬ್ಬ ಇದೆ, ಅದರಲ್ಲಿ ಇಡ್ತೀನಿ. ಶುಕ್ರವಾರ ಬೆಳಗಿನ ಜಾವ ಐದಕ್ಕೆ ಗುಜರಿ ಲಾರಿ ಬರುತ್ತೆ, ಹಾಕಿ ಕಳಿಸಿದ್ರೆ ನೇರ ಪುಡಿಯಂತ್ರಕ್ಕೆ. ತಲೆ ಕೆಡಿಸ್ಕೋಬೇಡ."

ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ. "ಹಳೇದು ಎಲ್ಲಿ?" ಕೊಟ್ಟುಬಂದೆ ಅಂದೆ. ಅವರು ಏನೋ ಹೇಳಹೊರಟು, ನನ್ನ ಮುಖ ನೋಡಿ, ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡರು.

ಮಾರ್ಚ್ ೨೭, ಗುರುವಾರ, ರಾತ್ರಿ

ನಲವತ್ತೆರಡನೇ ರಾತ್ರಿ. ಬರೆಯುತ್ತೇನೆ, ಬರೆಯದಿದ್ದರೆ ಕಿರುಚುತ್ತೇನೆ.

ನಾಳೆಗೆ ವರದಿ ಸಿದ್ಧಮಾಡೋಣ ಅಂತ ಎಂಟು ಗಂಟೆಗೆ ನಿನ್ನೆ ತಂದ ಕಂಪ್ಯೂಟರ್ ತೆರೆದೆ. ಪೆನ್‌ಡ್ರೈವ್ ಹಾಕಿದೆ. ಮೂವತ್ತನಾಲ್ಕು ರಾತ್ರಿಗಳ ಪಟ್ಟಿ ಬಂತು. ಹದಿನೆಂಟನೆಯದನ್ನು ಒತ್ತಿದೆ. ಗೆರೆ ಬರಲಿಲ್ಲ. ಒಂದು ಸಾಲು ಬಂತು: "ಈ ಬಳಕೆದಾರರ ಅನುಮತಿ ಮತ್ತೊಂದು ಯಂತ್ರದಲ್ಲಿ ಚಾಲ್ತಿಯಲ್ಲಿದೆ. ಮೊದಲು ಆ ಯಂತ್ರದಲ್ಲಿ ಅನುಮತಿಯನ್ನು ಬಿಡುಗಡೆ ಮಾಡಿ."

ಆ ಯಂತ್ರ ಮರಳಿನ ಡಬ್ಬದಲ್ಲಿದೆ.

ಕಂಪನಿಯ ಸಹಾಯವಾಣಿಯಲ್ಲಿ ರೆಕಾರ್ಡ್ ಮಾಡಿದ ದನಿ: ಕಚೇರಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಹಳೆಯ ಯಂತ್ರ ಕಳೆದುಹೋಗಿದ್ದರೆ ಅರ್ಜಿ ಹಾಕಿ, ಏಳು ಕೆಲಸದ ದಿನಗಳಲ್ಲಿ ಉತ್ತರಿಸಲಾಗುವುದು. ಡಾಕ್ಟರಮ್ಮನ ಸಮಯ ಹನ್ನೊಂದು ಗಂಟೆ. ಲಾರಿಯ ಸಮಯ ಐದು ಗಂಟೆ.

ಯಾವ ಪ್ರೊಸೆಸರ್, ಯಾವ ಪ್ರೊಸೆಸರ್ ಅಂತ ಮೂರು ವಾರ ತಲೆ ತಿಂದುಕೊಂಡೆ. ಅದು ಸರಿಯಾಗಿಯೇ ಇತ್ತು. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಬಂದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಹಿಡಿದವಳು ನಾನೇ.

ಹದಿನೆಂಟನೇ ರಾತ್ರಿಯ ಗೆರೆ ಇಲ್ಲದಿದ್ದರೆ ಆ ಕೂಗು ನಿಜವಾದ ಕೂಗು ಅಂತಲೇ ಲೆಕ್ಕ. ಮತ್ತೆ ಒಂದರಿಂದ. ಫೋನಿನಲ್ಲಿ ಆವತ್ತು ಒಂದು ಫೋಟೋ ತೆಗೆದಿದ್ದೆ. ಅದರಲ್ಲಿ ದೀಪದ ಬೆಳಕು, ನನ್ನ ಕೆದರಿದ ತಲೆ ಚೆನ್ನಾಗಿ ಬಂದಿದೆ. ಗೆರೆ ಬಂದಿಲ್ಲ.

ಅಂಗಡಿಗೆ ಹನ್ನೆರಡು ಸಲ ಫೋನ್ ಮಾಡಿದೆ. ಮುಚ್ಚಿದ ಶಟರಿನ ಒಳಗೆ ಅದು ಬಡಿದುಕೊಳ್ಳುತ್ತಿರುವುದು ಕಣ್ಣಿಗೆ ಕಟ್ಟುತ್ತದೆ. ಅವರ ಮನೆ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಇವರಿಗೆ ಮಾಡಿದೆ. ಆಸ್ಪತ್ರೆಯ ಲಿಫ್ಟ್ ನಿಂತಿದೆಯಂತೆ, ಆರು ಗಂಟೆಯವರೆಗೆ ಬಿಟ್ಟು ಬರುವ ಹಾಗಿಲ್ಲ. "ಒಂದು ಚೀಟಿ ಬರೆದು ಶಟರ್ ಕೆಳಗೆ ತೂರಿಸು ಕಣೇ, ಲಾರಿಗೆ ಮೊದಲು ಅವರು ಬರಲೇಬೇಕಲ್ಲ" ಅಂದರು. ನಾನೇ ಐದಕ್ಕೆ ಹೋಗಿ ನಿಲ್ಲೋಣವೆಂದರೆ, ಲಾರಿ ಬೇಗ ಬಂದುಬಿಟ್ಟರೆ?

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರಿ. ದೊಡ್ಡ ಅಕ್ಷರದಲ್ಲಿ ಬರಿ. ಹೋಗಿಬಾ, ನಾನಿದ್ದೀನಿ" ಅಂದರು. ಚಪ್ಪಲಿ ಬಾಗಿಲಲ್ಲಿದೆ. ಮಗುವನ್ನು ಅವರ ಮಡಿಲಿಗೆ ಕೊಟ್ಟೆ, ಪೆಟ್ಟಿಗೆಯನ್ನೂ ಅಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಈ ನೋಟುಬುಕ್ಕಿನ ಮುಂದಿನ ಹಾಳೆಯಲ್ಲೇ ಚೀಟಿ ಬರೆದು ಹರಿದುಕೊಳ್ಳುತ್ತೇನೆ. ಬೇರೆ ಕಾಗದ ಹುಡುಕಲು ಹೊತ್ತಿಲ್ಲ.

ಸ್ಕ್ರೂಮಾಮ, ಅಥವಾ ಶಟರ್ ಎತ್ತಿ ಇದನ್ನು ಮೊದಲು ನೋಡುವವರು ಯಾರೇ ಆಗಲಿ,

ದಯವಿಟ್ಟು ಇದನ್ನು ತುಳಿದು ಒಳಗೆ ಹೋಗಬೇಡಿ. ಓದಿ. ಹಿತ್ತಲಿನ ಮರಳಿನ ಡಬ್ಬದಲ್ಲಿ ಒಂದು ಬೂದುಬಣ್ಣದ ಹಳೇ ಕಂಪ್ಯೂಟರ್ ಇದೆ. ಮುಚ್ಚಳದ ಮೇಲೆ ಹರಿದ ಸ್ಟಿಕ್ಕರಿನ ಗುರುತಿದೆ, ಅಡಿಭಾಗ ಉಬ್ಬಿದೆ. ಅದನ್ನು ಲಾರಿಗೆ ಹಾಕಬೇಡಿ. ಉಳಿದದ್ದೆಲ್ಲ ಹಾಕಿ, ಅದೊಂದನ್ನು ಇಳಿಸಿಕೊಳ್ಳಿ. ನನಗೆ ಅದು ವಾಪಸ್ಸು ಬೇಡ. ಬ್ಯಾಟರಿ ಕಿತ್ತುಹಾಕಿ, ಗೋಡೆಯ ಕರೆಂಟಿನಲ್ಲೇ ಅರ್ಧ ಗಂಟೆ ನಡೆಸಿದರೆ ಸಾಕು. ಅದರಲ್ಲಿ ಒಂದು ಗುಂಡಿ ಒತ್ತಬೇಕು. ಒಂದೇ ಒಂದು. ಆಮೇಲೆ ನನ್ನ ಕಣ್ಣೆದುರೇ ಪುಡಿಮಾಡಿ.

ಅದರಲ್ಲಿ ನನ್ನ ಮಗಳ ಮೂವತ್ತನಾಲ್ಕು ರಾತ್ರಿಗಳ ಉಸಿರು ಸಿಕ್ಕಿಕೊಂಡಿದೆ. ಒಮ್ಮೆಯೂ ನಿಂತಿಲ್ಲ ಅಂತ ನಾಳೆ ಹನ್ನೊಂದು ಗಂಟೆಗೆ ತೋರಿಸಬೇಕು. ನಿಂತಿಲ್ಲ ಮಾಮ. ಅದು ನನಗೆ ಗೊತ್ತು, ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ. ಆದರೆ ನನ್ನ ಮಾತು ವರದಿ ಆಗುವುದಿಲ್ಲ.

ಲಾರಿಯವರು ಅವಸರ ಮಾಡಿದರೆ ಒಂದು ಟೀ ಕುಡಿಸಿ ನಿಲ್ಲಿಸಿಕೊಳ್ಳಿ. ಆಗಲೇ ತುಂಬಿಬಿಟ್ಟಿದ್ದರೆ ಯಾವ ದಾರಿಯಲ್ಲಿ ಹೋಯಿತು ಅಂತಾದರೂ ಹೇಳಿ, ಓಡಿ ಬರುತ್ತೇನೆ.

ನಂಬರನ್ನು ಈ ಹಾಳೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ಬೆಳಗಾಗುವ ಮೊದಲು ಫೋನ್ ಮಾಡಿ, ಕೈಮುಗಿಯುತ್ತೇನೆ. ಮೂರಾಗಲಿ, ನಾಲ್ಕಾಗಲಿ, ಎಬ್ಬಿಸುತ್ತೇವೇನೋ ಅಂತ ಸಂಕೋಚ ಬೇಡ. ಒಂದು ವೇಳೆ ನಾನು ತಕ್ಷಣ ಎತ್ತದಿದ್ದರೆ ಇಟ್ಟುಬಿಡಬೇಡಿ. ಇವಳ ಪಕ್ಕ ಕೂತು ಉಸಿರು ಕೇಳುತ್ತಿದ್ದರೆ ಈಚೆಗೆ ನನಗೂ ಕಣ್ಣು ಹತ್ತಿಬಿಡುತ್ತದೆ. ರಿಂಗ್ ಆಗುತ್ತಲೇ ಇರಲಿ. ನಾನು ಏಳುವವರೆಗೂ ಇಡಬೇಡಿ.